ಕಾರಿನ ಕ್ಯಾಬಿನ್ ಫಿಲ್ಟರ್: ಬಿಳಿಯದಾ, ಕರಿಯದಾ?

ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಫಿಲ್ಟರ್ ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಎರಡು ತೋರಿಸುತ್ತಾರೆ: ಬಿಳಿ ಬಣ್ಣದ ಸಾದಾ ಫಿಲ್ಟರ್, ಕಪ್ಪು-ಬೂದು ಬಣ್ಣದ ಕಾರ್ಬನ್ ಫಿಲ್ಟರ್.

ಸಾದಾದ್ದು ಧೂಳು, ಪರಾಗ, ಎಲೆ ಚೂರು ತಡೆಯುತ್ತದೆ. ವಾಸನೆ ಅದರ ಕೈಲಾಗುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮುಂದಿನ ಲಾರಿ ಬುಸ್ಸೆಂದು ಹೊಗೆ ಬಿಟ್ಟರೆ ನಾತ ನೇರ ಮೂಗಿಗೆ. ಕಾರ್ಬನ್ ಫಿಲ್ಟರ್‌ನಲ್ಲಿ ಧೂಳು ತಡೆಯುವ ಪದರದ ಜೊತೆ ವಿಶೇಷವಾಗಿ ತಯಾರಿಸಿದ ಇದ್ದಿಲೂ ಇರುತ್ತದೆ. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ವಾಸನೆ ಅಂಟಿಕೊಂಡು ಉಳಿಯುತ್ತದೆ. ಬೆಲೆ ಜಾಸ್ತಿ. ಒಂದು ಎಚ್ಚರಿಕೆ: ಎಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಅನ್ನು ಇದೂ ತಡೆಯುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಹಾಕಿಕೊಂಡು ಕೂರಬೇಡಿ.

ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವವರು ಕಾರ್ಬನ್ನೇ ತಗೊಳ್ಳಿ. ಮಣ್ಣು ರಸ್ತೆಯಲ್ಲಿ ಓಡಾಡುವವರಿಗೆ ಸಾದಾ ಸಾಕು. ಅಲ್ಲಿ ಯಾವುದು ಹಾಕಿದರೂ ಬೇಗ ಕಟ್ಟಿಕೊಳ್ಳುತ್ತದೆ, ಸುಮ್ನೆ ಜಾಸ್ತಿ ದುಡ್ಡು ಯಾಕೆ ಅಲ್ವಾ?

ಕಾರಿನ ಕೈಪಿಡಿ ನೋಡಿ. ಸಾಮಾನ್ಯವಾಗಿ 10,000ದಿಂದ 15,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ ಬದಲಿಸಬೇಕು. ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸುವ ನಾನು ಹೋದ ಸಲ ತೆಗೆದಾಗ ಮಡಿಕೆ ಮಡಿಕೆಯಲ್ಲೂ ಒಣಗಿದ ಹೂವು! ಎಸಿ ಗಾಳಿ ಕಮ್ಮಿಯಾಗಿದ್ದು ಅದಕ್ಕೇ. ಸಾದಾ ಫಿಲ್ಟರನ್ನು ಕೊಡವಿ ಸ್ವಲ್ಪ ದಿನ ತಳ್ಳಬಹುದು. ಇದ್ದಿಲಿನ ರಂಧ್ರಗಳು ತುಂಬಿಹೋದ ಕಾರ್ಬನ್ ಫಿಲ್ಟರ್ ಮಾತ್ರ ಕೊಡವಿದರೂ ಮತ್ತೆ ವಾಸನೆ ಹಿಡಿಯದು. ಎರಡನ್ನೂ ತೊಳೆಯಬೇಡಿ.

ಹೆಚ್ಚಿನ ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸ್ ಹಿಂದಿರುತ್ತದೆ, ಹತ್ತು ನಿಮಿಷದ ಕೆಲಸ. ಫಿಲ್ಟರ್ ಅಂಚಿನ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗೇ ಇರಲಿ.