ರೊವಾನಿಯೆಮಿಯಲ್ಲಿ ಮೂರು ದಿನ, ಇನಾರಿಯಲ್ಲಿ ಒಂದೇ ದಿನ: ಮೈಸೂರಿನಿಂದ ಹೊರಟ ಒಂದು ಲ್ಯಾಪ್‌ಲ್ಯಾಂಡ್ ಪ್ರವಾಸ

ಕಳೆದ ಫೆಬ್ರವರಿಯಲ್ಲಿ ಮೈಸೂರಿನ ಪ್ರವಾಸ ಸಂಸ್ಥೆಯೊಂದರ ಮೂಲಕ ನಾನೂ ನನ್ನ ಯಜಮಾನರೂ ಫಿನ್ಲೆಂಡಿನ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡಿಗೆ ಎಂಟು ದಿನಗಳ ಪ್ರವಾಸ ಹೋಗಿಬಂದೆವು. ಧ್ರುವಪ್ರಭೆಗಿಂತ ಹೆಚ್ಚಾಗಿ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಬದುಕನ್ನು ಹತ್ತಿರದಿಂದ ನೋಡಬೇಕೆಂಬುದು ನಮ್ಮ ಆಸೆಯಾಗಿತ್ತು; ಸಂಸ್ಥೆಯ ಕರಪತ್ರದ ಮೊದಲ ಸಾಲಿನಲ್ಲಿಯೂ ಅದೇ ಮಾತಿತ್ತು.

ವ್ಯವಸ್ಥೆಯ ಬಗ್ಗೆ ದೂರಿಲ್ಲ. ಷೆಂಗೆನ್ ವೀಸಾದ ಕಾಗದಪತ್ರ, ಅದಕ್ಕೆ ಕಡ್ಡಾಯವಾದ 30,000 ಯೂರೋ ಮೊತ್ತದ ವಿಮೆ, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗುವ ದಿನ, ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿಕೊಟ್ಟರು. ಹೆಲ್ಸಿಂಕಿಯಿಂದ ರೊವಾನಿಯೆಮಿಗೆ ರಾತ್ರಿ ರೈಲಿನಲ್ಲಿ ಕರೆದೊಯ್ದದ್ದೂ ಒಳ್ಳೆಯ ಆಯ್ಕೆ.

ತೊಡಕು ಶುರುವಾದದ್ದು ರೊವಾನಿಯೆಮಿಯಲ್ಲಿ. 1944ರ ಯುದ್ಧದಲ್ಲಿ ಸುಟ್ಟುಹೋಗಿ, ಆಮೇಲೆ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಅವರ ನಕ್ಷೆಯಂತೆ ಮತ್ತೆ ಕಟ್ಟಿದ ಊರು ಅದು. ಅಲ್ಲಿನ ಆರ್ಕ್ಟಿಕುಮ್ ವಸ್ತುಸಂಗ್ರಹಾಲಯ ನೋಡಲೇಬೇಕಾದದ್ದು. ಆದರೆ ಆ ಊರು ಸಾಮಿ ಜನರ ತಾಯ್ನೆಲವೆಂದು ಕಾನೂನು ಗುರುತಿಸಿದ ಪ್ರದೇಶದೊಳಗೆ ಬರುವುದಿಲ್ಲ. ಉತ್ಸ್‌ಯೊಕಿ, ಇನಾರಿ, ಎನೊನ್‌ಟೆಕಿಯೊ ಮತ್ತು ಸೊದಾನ್‌ಕ್ಯುಲಾದ ಉತ್ತರ ಭಾಗ, ಇಷ್ಟೇ ಆ ನೆಲ. ಹೀಗಿರುವಾಗ ಮೂರನೆಯ ರಾತ್ರಿ 'ಸಾಮಿ ಭೋಜನ' ಎಂದು ಕರೆದೊಯ್ದ ಗುಡಾರದಲ್ಲಿ ನೀಲಿ ಕೆಂಪು ಅಂಚಿನ ಉಡುಪು ತೊಟ್ಟು ಬಡಿಸಿದ ಯುವಕನನ್ನು ಮಾತನಾಡಿಸಿದಾಗ, ತಾನು ಸಾಮಿ ಅಲ್ಲ, ಈ ಉಡುಪು ಕೆಲಸಕ್ಕೆಂದು ಕೊಟ್ಟದ್ದು ಎಂದು ಅವನೇ ಹೇಳಿದ. ಸಾಮಿ ಜನರ ಗಾಕ್ತಿ ಎಂಬ ಆ ಉಡುಪು ತೊಟ್ಟವರ ಊರನ್ನೂ ಮನೆತನವನ್ನೂ ಹೇಳುತ್ತದೆ. ಮೈಸೂರಿನ ಹೋಟೆಲೊಂದರಲ್ಲಿ ಕೊಡವರಲ್ಲದವರಿಗೆ ಕುಪ್ಯ-ಚೇಲೆ ತೊಡಿಸಿ ಬಾಗಿಲಲ್ಲಿ ನಿಲ್ಲಿಸಿದರೆ ಕೊಡಗಿನವರಿಗೆ ಹೇಗೆ ನೋವಾಗುತ್ತದೆಯೋ ಹಾಗೆಯೇ ಇದೂ. ಇಂಥದ್ದು ನಿಲ್ಲಬೇಕೆಂದೇ ಫಿನ್ಲೆಂಡಿನ ಸಾಮಿ ಸಂಸತ್ತು 2018ರಲ್ಲಿ ಪ್ರವಾಸೋದ್ಯಮಕ್ಕೆ ನೀತಿಸೂತ್ರಗಳನ್ನು ಹೊರಡಿಸಿದೆ. ನಮ್ಮ ಸಂಸ್ಥೆಯವರು ಅದನ್ನು ಓದಿಕೊಂಡಿರಬೇಕಿತ್ತು.

ಇನಾರಿ ಅಲ್ಲಿಂದ ಉತ್ತರಕ್ಕೆ 300 ಕಿಲೋಮೀಟರಿಗೂ ಮಿಕ್ಕ ದೂರ. ಬಸ್ಸಿನಲ್ಲಿ ಅರ್ಧ ದಿನ ಕಳೆದು ತಲುಪಿದ ನಮಗೆ ಅಲ್ಲಿನ 'ಸೀದಾ' ಎಂಬ ಹೆಸರಿನ ಸಾಮಿ ವಸ್ತುಸಂಗ್ರಹಾಲಯದಲ್ಲಿ ಸಿಕ್ಕಿದ್ದು ಒಂದೂವರೆ ಗಂಟೆ ಮಾತ್ರ. ಹೆಲ್ಸಿಂಕಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವು 2021ರಲ್ಲಿ ಹಿಂದಿರುಗಿಸಿದ ಸುಮಾರು 2,200 ಸಾಮಿ ವಸ್ತುಗಳು ಈಗ ಸೀದಾದ ವಶದಲ್ಲಿವೆ. ಕೆಲವು ನೂರು ಜನರಷ್ಟೇ ಆಡುವ ಇನಾರಿ ಸಾಮಿ ಭಾಷೆಯನ್ನು ಉಳಿಸಲು 1997ರಿಂದ 'ಭಾಷಾಗೂಡು' ಎಂಬ ಶಿಶುವಿಹಾರಗಳು ನಡೆಯುತ್ತಿವೆಯೆಂದೂ, ಅಲ್ಲಿ ಮಕ್ಕಳೊಡನೆ ಬೇರೆ ಭಾಷೆಯನ್ನೇ ಆಡುವುದಿಲ್ಲವೆಂದೂ ಇಲ್ಲಿ ತಿಳಿಯಿತು. ಇಂಥ ಕಡೆ ಗಡಿಯಾರ ನೋಡುತ್ತಾ ನಡೆಯಬೇಕಾದದ್ದು ಬೇಸರದ ಸಂಗತಿ.

ಆ ಸಂಜೆ ಹಿಮಸಾರಂಗ ಸಾಕುವ ಸಾಮಿ ಕುಟುಂಬವೊಂದರ ಮನೆಯಲ್ಲಿ ಕಳೆದ ಮೂರು ಗಂಟೆಗಳಿಗಾಗಿಯೇ ಈ ಪ್ರವಾಸ ಸಾರ್ಥಕವಾಯಿತು. ನಮ್ಮವರು ಮಳವಳ್ಳಿ ಕಡೆ ಬಂಡೂರು ಕುರಿಗಳ ನಡುವೆ ಬೆಳೆದವರು. ಕೊಟ್ಟಿಗೆ ಕಂಡ ಕೂಡಲೇ ಎಷ್ಟು ತಲೆ ಇವೆಯೆಂದು ಕೇಳಿಬಿಟ್ಟರು. ಅದು ಬ್ಯಾಂಕಿನಲ್ಲಿ ಎಷ್ಟು ಹಣವಿದೆಯೆಂದು ಕೇಳಿದಂತೆ ಎಂದು ಮಾರ್ಗದರ್ಶಿ ಮೆಲ್ಲನೆ ತಿಳಿಸಿದರು. ಮನೆಯ ಯಜಮಾನ ಮಾತ್ರ ಬೇಸರಿಸದೆ ಒಂದು ಸಾರಂಗವನ್ನು ಹತ್ತಿರಕ್ಕೆಳೆದು, ಮಂಜು ಕೂತ ಅದರ ಕಿವಿಯನ್ನು ಬೆರಳಿನಿಂದ ಒರೆಸಿ ತೋರಿಸಿದ. ಅಂಚಿನಲ್ಲಿ ಎರಡು ಕಚ್ಚು, ತುದಿಯಲ್ಲಿ ಒಂದು ಓರೆ ಸೀಳು. ಪ್ರತಿಯೊಬ್ಬ ಒಡೆಯನಿಗೂ ತನ್ನದೇ ಗುರುತು. ಬೇಸಿಗೆಯಲ್ಲಿ ಮರಿಗಳ ಕಿವಿಗೆ ಈ ಗುರುತು ಹಾಕುತ್ತಾರೆ. ಸಸ್ಯಾಹಾರಿಯಾದ ನನಗೆ ಬೇಯಿಸಿದ ಆಲೂಗಡ್ಡೆ, ರೈ ರೊಟ್ಟಿ ಮತ್ತು ಲಿಂಗನ್‌ಬೆರಿ ಹಣ್ಣಿನ ಗೊಜ್ಜು ಸಿಕ್ಕಿತು. ಹೊಟ್ಟೆ ತುಂಬಿತು.

ಈ ಸಂಸ್ಥೆಯಲ್ಲಿ ಹಣ ಕಟ್ಟುವವರು ರೊವಾನಿಯೆಮಿಯ ಒಂದು ದಿನವನ್ನು ಬಿಟ್ಟು ಇನಾರಿಯಲ್ಲಿ ಎರಡು ರಾತ್ರಿ ಬೇಕೆಂದು ಮೊದಲೇ ಬರೆಸಿಕೊಳ್ಳಲಿ. 'ಸಾಮಿ ಭೋಜನ'ವನ್ನು ನಡೆಸುವವರು ಯಾರೆಂದು ಕೇಳಲಿ. ಫೆಬ್ರವರಿ 6 ಸಾಮಿ ಜನರ ರಾಷ್ಟ್ರೀಯ ದಿನ. 1917ರಲ್ಲಿ ನಾರ್ವೆಯ ಟ್ರೊಂಡ್‌ಹೈಮಿನಲ್ಲಿ ಅವರ ಮೊದಲ ಮಹಾಸಭೆ ಆರಂಭವಾದ ದಿನವದು. ನಾವು ಇನಾರಿ ತಲುಪಿದ್ದು 8ನೇ ತಾರೀಖು. ಮುಂದಿನ ವರ್ಷದ ತಂಡವನ್ನು ಎರಡು ದಿನ ಮೊದಲೇ ಹೊರಡಿಸಿ ಎಂದು ಸಂಸ್ಥೆಗೆ ಪತ್ರ ಬರೆದಿದ್ದೇನೆ.