ಯಮಹಾದಿಂದ ಕೋರ್ಗ್‌ಗೆ ಸ್ಟೈಲ್ ಸಾಗಿಸುವುದು: ಆರು ವರ್ಷ ಬಳಸಿ ನೋಡಿದ ಮೇಲೆ

ನಮ್ಮ ರಸಮಂಜರಿ ತಂಡದಲ್ಲಿ ಎರಡು ಕೀಬೋರ್ಡ್. ಗೆಳೆಯನದು ಯಮಹಾ ಪಿಎಸ್‌ಆರ್-ಎಸ್670, ನನ್ನದು ಕೋರ್ಗ್ ಪಿಎ700. ನಾನು ಕೋರ್ಗ್ ತಗೊಂಡಿದ್ದು 2019ರಲ್ಲಿ. ಅದಕ್ಕೂ ಮೊದಲು ಹತ್ತು ವರ್ಷ ನಾನೂ ಯಮಹಾದಲ್ಲೇ ನುಡಿಸಿದವನು. ಹಾಗಾಗಿ ತಂಡದ ರಿದಮ್‌ಗಳೆಲ್ಲ ಯಮಹಾ ಸ್ಟೈಲ್ ಫೈಲ್‌ಗಳಾಗಿಯೇ ಇದ್ದವು. ಸ್ಟೈಲ್ ಅಂದರೆ ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಿಡಿದರೆ ಕೀಬೋರ್ಡ್ ತಾನೇ ನುಡಿಸುವ ತಾಳ, ಬೇಸ್, ಗಿಟಾರ್‌ನ ಹಿನ್ನೆಲೆ. ಭಾವಗೀತೆಗೆ ಮೂರು, ಕುಣಿತದ ಹಾಡಿಗೆ ಆರೇಳು, ತಮಟೆ ಏಟಿಗೆ ಒಂದು, ಕವ್ವಾಲಿಗೆ ಎರಡು. ಒಂದು ಭಾನುವಾರ ಕೂತರೆ ಎಲ್ಲವನ್ನೂ ಹೊಸ ಕೀಬೋರ್ಡಿಗೆ ಸಾಗಿಸಬಹುದು ಅಂದುಕೊಂಡಿದ್ದೆ. ಆರು ವರ್ಷವಾಯಿತು, ಈ ಕೆಲಸ ಇನ್ನೂ ನಡೆಯುತ್ತಲೇ ಇದೆ. ಇಂಥ ಸ್ಟೈಲ್ ನುಡಿಸುವ ಅರೇಂಜರ್ ಕೀಬೋರ್ಡ್ ಬದಲಾಯಿಸಬೇಕು ಅಂತ ಯೋಚನೆ ಮಾಡುತ್ತಿರುವವರಿಗೆ ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು ಅಂತ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕನ್ವರ್ಟ್ ಆಗುವುದು ಸ್ವರ ಮಾತ್ರ. ಸದ್ದು ಆಗುವುದಿಲ್ಲ. ಸ್ಟೈಲ್ ಫೈಲ್‌ನಲ್ಲಿ ತಬಲಾ ಇಲ್ಲ, ಗಿಟಾರ್ ಇಲ್ಲ. ಯಾವ ಕ್ಷಣದಲ್ಲಿ ಯಾವ ಮನೆ, ಅಂದರೆ ಕೀ, ಎಷ್ಟು ಜೋರಾಗಿ ಒತ್ತಬೇಕು ಅನ್ನುವ ಪಟ್ಟಿ ಮಾತ್ರ ಇರುತ್ತದೆ. ಆ ಪಟ್ಟಿಯನ್ನು ಓದಿ ಸದ್ದು ಮಾಡುವುದು ಕೀಬೋರ್ಡ್. ಯಮಹಾ ಒಂದು ರೀತಿ ಓದುತ್ತದೆ, ಕೋರ್ಗ್ ಇನ್ನೊಂದು ರೀತಿ.

ಯಮಹಾದಿಂದ ಯಮಹಾಗೆ ಆದರೆ ತಲೆನೋವು ಕಡಿಮೆ. ಪೆನ್‌ಡ್ರೈವ್‌ಗೆ ಹಾಕು, ಚುಚ್ಚು, ನುಡಿಸು. ಹಳೆಯ ಫ್ಲಾಪಿ ಕಾಲದ ಸ್ಟೈಲ್‌ಗಳು ಎಸ್670ರಲ್ಲಿ ಈಗಲೂ ಓಡುತ್ತವೆ. ಉಲ್ಟಾ ಹೋದರೆ ಕಷ್ಟ. 2008ರಲ್ಲಿ ಟೈರೋಸ್ 3 ಜೊತೆ ಯಮಹಾ ಎಸ್‌ಎಫ್‌ಎಫ್ ಜಿಇ ಅನ್ನುವ ಹೊಸ ಫಾರ್ಮ್ಯಾಟ್ ತಂದಿತು. ಜಿಇ ಅಂದರೆ ಗಿಟಾರ್ ಎಡಿಷನ್. ಆ ಫೈಲ್‌ಗಳನ್ನು ಅದಕ್ಕಿಂತ ಹಳೆಯ ಮಾಡೆಲ್‌ಗಳು ಓದುವುದಿಲ್ಲ. ಹೊಸ ಮಾಡೆಲ್‌ನ ಸ್ಟೈಲ್ ಎಸ್670ಕ್ಕೆ ಬಂದಾಗ ಇನ್ನೊಂದು ತೊಂದರೆ ಇದೆ. ಅದರಲ್ಲಿ ಬಳಸಿದ ವಾಯ್ಸ್, ಅಂದರೆ ವಾದ್ಯದ ಸದ್ದು, ಇಲ್ಲಿ ಇಲ್ಲದಿದ್ದರೆ ಬೇರೆ ಯಾವುದೋ ಬಂದು ಕೂರುತ್ತದೆ. ಎಕ್ಸ್‌ಪ್ಯಾನ್ಷನ್ ಪ್ಯಾಕ್ (ಆಮೇಲೆ ಸೇರಿಸುವ ಸದ್ದುಗಳ ಕಂತೆ) ವಾಯ್ಸ್ ಬಳಸಿದ್ದರಂತೂ ಆ ಪ್ಯಾಕ್ ನಿಮ್ಮಲ್ಲಿಯೂ ಇರಲೇಬೇಕು. ಯಾರಾದರೂ ಸ್ಟೈಲ್ ಕಳಿಸಿದರೆ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಯಾವ ಮಾಡೆಲ್‌ನಲ್ಲಿ ಮಾಡಿದ್ದು, ಯಾವ ಪ್ಯಾಕ್ ಹಾಕಿದ್ದೀರಿ?

ಈಗ ಯಮಹಾದಿಂದ ಕೋರ್ಗ್‌ಗೆ ಬರೋಣ. ಎರಡೂ ಕಂಪನಿಯ ಸ್ಟೈಲ್ ಫೈಲ್‌ಗಳ ಕೊನೆಯಲ್ಲಿ ಎಸ್‌ಟಿವೈ ಅಂತಲೇ ಇರುತ್ತದೆ. ಹೆಸರು ಒಂದೇ, ಒಳಗೆ ಪೂರ್ತಿ ಬೇರೆ. ಸುಮ್ನೆ ಕಾಪಿ ಮಾಡಿದರೆ ಕೋರ್ಗ್ ಅದನ್ನು ತೆಗೆದುಕೊಳ್ಳುವುದಿಲ್ಲ. ಕನ್ವರ್ಟ್ ಮಾಡುವ ವಿಂಡೋಸ್ ಸಾಫ್ಟ್‌ವೇರ್‌ಗಳಿವೆ. ಮೂರು ಬೇರೆ ಬೇರೆಯವನ್ನು ಬಳಸಿದ್ದೇನೆ, ಎರಡಕ್ಕೆ ದುಡ್ಡನ್ನೂ ಕೊಟ್ಟಿದ್ದೇನೆ. ಹೆಸರು ಬೇಡ, ಯಾಕೆಂದರೆ ಮೂರರಲ್ಲೂ ಕಥೆ ಒಂದೇ. ಒಂದು ನಿಮಿಷದಲ್ಲಿ ಫೈಲ್ ಕೈಗೆ ಬರುತ್ತದೆ. ಕೋರ್ಗ್‌ನಲ್ಲಿ ಲೋಡ್ ಆಗುತ್ತದೆ, ಸ್ಟಾರ್ಟ್ ಒತ್ತಿದರೆ ಓಡುತ್ತದೆ. ವೇದಿಕೆ ಮೇಲೆ ನುಡಿಸುವ ಹಾಗೆ ಮಾತ್ರ ಇರುವುದಿಲ್ಲ.

ನನಗೆ ಇದು ಅರ್ಥವಾಗಿದ್ದು ಒಂದು ಕಹರ್ವಾ (ಎಂಟು ಮಾತ್ರೆಯ ತಬಲಾ ತಾಳ) ಸ್ಟೈಲ್‌ನಿಂದ. ಭಾವಗೀತೆಗೆ ಅಂತ ಯಮಹಾದಲ್ಲಿ ಬಹಳ ಪ್ರೀತಿಯಿಂದ ಮಾಡಿಕೊಂಡಿದ್ದು. ಧಾ ಗೆ ನಾ ತಿ, ನಾ ಕ ಧಿ ನಾ. ಕನ್ವರ್ಟ್ ಮಾಡಿ ಕೋರ್ಗ್‌ನಲ್ಲಿ ಹಾಕಿದೆ. ಪ್ರಾಕ್ಟೀಸಿಗೆ ಬಂದಿದ್ದ ತಬಲಾ ಮೇಷ್ಟ್ರು ಎರಡು ಆವರ್ತ ಕೇಳಿ ಕೈ ಎತ್ತಿದರು.

"ಡಗ್ಗಾ ಎಲ್ಲಿ ಹೋಯ್ತಪ್ಪ?"

"ಇದೆ ಮೇಷ್ಟ್ರೇ, ಸೌಂಡ್ ಕಮ್ಮಿ ಇರಬೇಕು."

"ಕಮ್ಮಿ ಅಲ್ಲ, ಇಲ್ಲ. ಧಾ ಬರೋ ಕಡೆ ಬರೀ ನಾ ಬರ್ತಿದೆ. ನಡುವೆ ಯಾವುದೋ ಸೀಟಿ ಬೇರೆ."

ಅವರು ಹೇಳಿದ್ದು ಅಕ್ಷರಶಃ ನಿಜ. ಧಾ ಅನ್ನುವುದು ಬಲಗೈಯ ನಾ ಮತ್ತು ಎಡಗೈಯ ಡಗ್ಗಾದ ಗೆ ಎರಡೂ ಸೇರಿದ ಪೆಟ್ಟು. ಕೀಬೋರ್ಡಿನಲ್ಲಿ ಇವೆರಡೂ ಬೇರೆ ಬೇರೆ ಮನೆಯಲ್ಲಿರುತ್ತವೆ. ಮಿಡಿ ಅಂದರೆ ಕೀಬೋರ್ಡ್‌ಗಳು ಸ್ವರಗಳನ್ನು ಸಂಖ್ಯೆಯಲ್ಲಿ ಬರೆದುಕೊಳ್ಳುವ ಭಾಷೆ. ಸಾಮಾನ್ಯ ಡ್ರಮ್ಸ್‌ಗೆ ಜನರಲ್ ಮಿಡಿ ಅನ್ನುವ ಒಪ್ಪಂದ ಇದೆ. 36ನೇ ನೋಟ್ ಕಿಕ್, 38 ಸ್ನೇರ್, 42 ಮುಚ್ಚಿದ ಹೈಹ್ಯಾಟ್. ಯಾವ ಕಂಪನಿಯಾದರೂ ಇವು ಜಾಗ ಬಿಡುವುದಿಲ್ಲ. ಅದಕ್ಕೇ ಪಾಪ್, ಡಿಸ್ಕೋ ಸ್ಟೈಲ್‌ಗಳ ಡ್ರಮ್ಸ್ ಚೆನ್ನಾಗಿ ಕನ್ವರ್ಟ್ ಆಗುತ್ತದೆ. ತಬಲಾ, ಢೋಲಕ್, ತಮಟೆಗೆ ಇಂಥ ಒಪ್ಪಂದವೇ ಇಲ್ಲ. ಯಮಹಾದ ಇಂಡಿಯನ್ ಕಿಟ್‌ನಲ್ಲಿ (ತಾಳವಾದ್ಯದ ಸದ್ದುಗಳ ಗುಂಪು) ಒಂದು ಬೋಲ್, ಅಂದರೆ ತಬಲಾ ಪೆಟ್ಟು, ಇದ್ದ ಮನೆಯಲ್ಲಿ ಕೋರ್ಗ್‌ನ ಮಾಮೂಲಿ ಕಿಟ್‌ನಲ್ಲಿ ಬೇರೆ ಏನೋ ಇರುತ್ತದೆ. ಜನರಲ್ ಮಿಡಿಯಲ್ಲಿ 71 ಮತ್ತು 72 ಸೀಟಿಗಳು. ನನ್ನ ಕಹರ್ವಾದ ಒಂದು ಪೆಟ್ಟು ಹೋಗಿ ಅಲ್ಲೇ ಕೂತಿತ್ತು.

ಇದರ ಜೊತೆಗೆ ಮನೆಗಳ ಹೆಸರಿನ ಗೊಂದಲ. ಮಿಡಿಯ 60ನೇ ನೋಟ್, ಅಂದರೆ ಮಧ್ಯದ ಸಿ, ಯಮಹಾದವರಿಗೆ ಸಿ3. ಕೋರ್ಗ್, ರೋಲ್ಯಾಂಡ್‌ನವರಿಗೆ ಸಿ4. ಯಮಹಾ ಪಟ್ಟಿ ನೋಡಿ ಕಿಕ್ ಸಿ1ರಲ್ಲಿದೆ ಅಂತ ಬರೆದುಕೊಂಡು ಕೋರ್ಗ್‌ನ ಸಿ1ರಲ್ಲಿ ಹುಡುಕಿದರೆ ಒಂದು ಸ್ಥಾಯಿ ಕೆಳಗೆ ಹುಡುಕಿದಂತೆ. ನಾನು ಒಂದು ಇಡೀ ಸಂಜೆ ಹೀಗೆ ಕಳೆದೆ. ಈಗ ಹೆಸರು ಬಿಟ್ಟು ಬರೀ ಸಂಖ್ಯೆಯಲ್ಲೇ ಬರೆದುಕೊಳ್ಳುತ್ತೇನೆ.

ಕೊನೆಗೆ ಸಾಫ್ಟ್‌ವೇರ್ ಪಕ್ಕಕ್ಕಿಟ್ಟು ಕೈಯಲ್ಲೇ ಮಾಡಲು ಶುರು ಮಾಡಿದೆ. ಇದಕ್ಕೆ ಒಂದು ಸುಲಭದ ದಾರಿ ಇದೆ. ಯಮಹಾ ಸ್ಟೈಲ್ ಅನ್ನುವುದು ಮೂಲದಲ್ಲಿ ಒಂದು ಮಿಡಿ ಫೈಲೇ, ಹಿಂದೆ ಒಂದಿಷ್ಟು ಯಮಹಾದ ಸ್ವಂತ ಮಾಹಿತಿ ಅಂಟಿಕೊಂಡಿರುತ್ತದೆ ಅಷ್ಟೇ. ಒಂದು ಕಾಪಿ ಮಾಡಿಕೊಂಡು ಕೊನೆಯ ಎಸ್‌ಟಿವೈ ತೆಗೆದು ಎಂಐಡಿ ಅಂತ ಹಾಕಿದರೆ ಮಿಡಿ ತಿದ್ದುವ ಯಾವ ಸೀಕ್ವೆನ್ಸರ್ ಸಾಫ್ಟ್‌ವೇರ್‌ನಲ್ಲಾದರೂ ತೆರೆಯುತ್ತದೆ. ಮೇನ್ ಎ, ಫಿಲ್ ಇನ್ ಎಎ, ಎಂಡಿಂಗ್ ಎ ಅಂತ ಮಾರ್ಕರ್‌ಗಳು ಸಾಲಾಗಿ ಕಾಣುತ್ತವೆ. ಅಲ್ಲಿಂದ ಒಂದೊಂದು ಭಾಗ ಕತ್ತರಿಸಿ ಪಿಎ700ರ ಸ್ಟೈಲ್ ರೆಕಾರ್ಡ್‌ನಲ್ಲಿರುವ ಇಂಪೋರ್ಟ್ ಎಸ್‌ಎಂಎಫ್ (ಮಿಡಿ ಫೈಲ್ ಒಳಗೆ ತರುವ ಆಯ್ಕೆ) ಮೂಲಕ ಒಳಗೆ ತರಬಹುದು.

ತರುವ ಮುಂಚೆ ಚಾನೆಲ್ (ಒಂದೊಂದು ವಾದ್ಯದ ಸಾಲಿಗೆ ಕೊಟ್ಟ ಸಂಖ್ಯೆ) ಬದಲಾಯಿಸುವುದನ್ನು ಮರೆಯಬೇಡಿ. ಯಮಹಾದಲ್ಲಿ 9 ಮತ್ತು 10 ತಾಳದ ಚಾನೆಲ್, 11 ಬೇಸ್. ಕೋರ್ಗ್‌ನಲ್ಲಿ 9 ಬೇಸ್, 10 ಡ್ರಮ್, 11 ಪರ್ಕಶನ್. 12ರಿಂದ 16ರವರೆಗೆ ಎರಡರಲ್ಲೂ ಉಳಿದ ವಾದ್ಯಗಳು. ಹಾಗೇ ತಂದರೆ ಬೇಸ್ ಗಿಟಾರ್‌ನ ಸ್ವರಗಳು ಕಾಂಗೋ, ಬೆಲ್‌ಗಳ ಮೇಲೆ ಬಡಿಯುತ್ತವೆ, ತಾಳದ ಪೆಟ್ಟುಗಳು ಬೇಸ್‌ನಲ್ಲಿ ಗೊರಗೊರ ಅನ್ನುತ್ತವೆ. 9 ಮತ್ತು 11ನ್ನು ಅದಲು ಬದಲು ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನರ್ಧ ಕೆಲಸ ಕಾರ್ಡ್‌ನದು. ಯಮಹಾದಲ್ಲಿ ಸಾಮಾನ್ಯವಾಗಿ ಸಿ ಮೇಜರ್ ಸೆವೆಂತ್ ಒಂದರಲ್ಲೇ ಇಡೀ ಸ್ಟೈಲ್ ರೆಕಾರ್ಡ್ ಆಗಿರುತ್ತದೆ. ನೀವು ಎಡಗೈಯಲ್ಲಿ ಮೈನರ್ ಹಿಡಿದರೆ ಸ್ವರಗಳನ್ನು ಹೇಗೆ ಸರಿಸಬೇಕು ಅನ್ನುವ ನಿಯಮ ಸಿಎಎಸ್‌ಎಂ ಅನ್ನುವ ಭಾಗದಲ್ಲಿ ಬರೆದಿರುತ್ತದೆ. ಹಿಂದೆ ಅಂಟಿಕೊಂಡಿರುವ ಮಾಹಿತಿ ಅಂದೆನಲ್ಲ, ಅದರಲ್ಲಿ ಮುಖ್ಯವಾದದ್ದು ಇದೇ. ಕೋರ್ಗ್‌ನ ದಾರಿ ಬೇರೆ. ಸ್ಟೈಲ್‌ನ ಒಂದೊಂದು ವೇರಿಯೇಷನ್‌ಗೂ (ಯಮಹಾದ ಮೇನ್ ಎ, ಬಿ ಇದ್ದ ಹಾಗೆ) ಆರರವರೆಗೆ ಕಾರ್ಡ್ ವೇರಿಯೇಷನ್ ಇಡಬಹುದು. ಮೇಜರ್‌ಗೆ ಒಂದು, ಮೈನರ್‌ಗೆ ಇನ್ನೊಂದು, ಹೀಗೆ. ಮಿಡಿಯಾಗಿ ತಂದಾಗ ಯಮಹಾದ ನಿಯಮ ಹಿಂದೆಯೇ ಉಳಿದುಬಿಡುತ್ತದೆ. ನನ್ನ ಒಂದು ಸ್ಟೈಲ್‌ನಲ್ಲಿ ಬೇಸ್ ಸಾ-ಗ-ಪ ಅಂತ ನಡೆಯುತ್ತಿತ್ತು. ಮೇಜರ್‌ನಲ್ಲಿ ಅದು ಅಂತರ ಗಾಂಧಾರ, ಸರಿ. ಮೈನರ್ ಹಿಡಿದಾಗ ಸಾಧಾರಣ ಗಾಂಧಾರಕ್ಕೆ ಇಳಿಯಬೇಕಿತ್ತು, ಇಳಿಯಲಿಲ್ಲ. ಮೇಲೆ ಹಾಡುವವರದು ಒಂದು ಗಾಂಧಾರ, ಕೆಳಗೆ ಬೇಸ್‌ನದು ಇನ್ನೊಂದು. ಸಂಗೀತ ಕಲಿಯದವರಿಗೂ ಏನೋ ಕಿರಿಕಿರಿ ಅನ್ನಿಸುತ್ತದೆ.

ಇದಕ್ಕೆ ನಾನು ಮಾಡುವುದು ಹೀಗೆ. ಇಂಪೋರ್ಟ್ ಆದ ಕೂಡಲೇ ಟ್ರ್ಯಾಕ್‌ಗಳ ಮೂಲ ಕಾರ್ಡ್ ಸಿ ಮೇಜರ್ ಸೆವೆಂತ್ ಅಂತ ತಿಳಿಸುತ್ತೇನೆ. ಮೊದಲ ಕಾರ್ಡ್ ವೇರಿಯೇಷನ್ ಅನ್ನು ಎರಡನೆಯದಕ್ಕೆ ಕಾಪಿ ಮಾಡಿ, ಅಲ್ಲಿ ಬೇಸ್‌ನ ಗಾಂಧಾರವನ್ನು ಕೈಯಲ್ಲಿ ಇಳಿಸಿ, ಮೈನರ್ ಕಾರ್ಡ್‌ಗಳನ್ನೆಲ್ಲ ಆ ಎರಡನೆಯದಕ್ಕೆ ಕಟ್ಟುತ್ತೇನೆ. ಸ್ಟೈಲ್ ಒಂದಕ್ಕೆ ಹೆಚ್ಚೆಂದರೆ ಅರ್ಧ ಗಂಟೆ.

ಗಿಟಾರ್ ವಿಷಯದಲ್ಲಿ ನಾನು ಸೋತು ಬೇರೆ ದಾರಿ ಹಿಡಿದಿದ್ದೇನೆ. ಯಮಹಾದ ಮೆಗಾ ವಾಯ್ಸ್ ಗಿಟಾರ್‌ನಲ್ಲಿ ವೆಲಾಸಿಟಿ, ಅಂದರೆ ಮನೆ ಒತ್ತುವ ಬಲದ ಸಂಖ್ಯೆ, ಬರೀ ಜೋರು ತೋರಿಸುವುದಲ್ಲ. 1ರಿಂದ 60ರವರೆಗೆ ತೆರೆದ ತಂತಿಯ ಸದ್ದು. ಅದರ ಮೇಲೆ ಕೈ ಒತ್ತಿ ಹಿಡಿದ ಡೆಡ್ ಮತ್ತು ಮ್ಯೂಟ್ ಪೆಟ್ಟು, ಆಮೇಲೆ ಹ್ಯಾಮರ್, ಸ್ಲೈಡ್, ತುದಿಯಲ್ಲಿ ಹಾರ್ಮೋನಿಕ್ಸ್. ಸಿ6ರ ಮೇಲಿನ ಮನೆಗಳಲ್ಲಿ ಸ್ವರವೇ ಇಲ್ಲ, ತಂತಿ ಸವರಿದ ಸದ್ದು. ಇದನ್ನು ಕೋರ್ಗ್‌ನ ಸಾಮಾನ್ಯ ಗಿಟಾರ್‌ಗೆ ಕೊಟ್ಟರೆ ಮೆಲ್ಲಗೆ ಚಿಕ್ ಚಿಕ್ ಅನ್ನಬೇಕಾದ ಮ್ಯೂಟ್ ಪೆಟ್ಟುಗಳು ಎಲ್ಲಕ್ಕಿಂತ ಜೋರಾಗಿ ಬರುತ್ತವೆ, ನಿಜವಾದ ಸ್ವರ ಅಡಿಯಲ್ಲಿ ಹೂತುಹೋಗುತ್ತದೆ. ತಂತಿ ಸವರಿದ ಸದ್ದಿನ ಜಾಗದಲ್ಲಿ ಕೀಚಲು ಸ್ವರಗಳು. ಕೋರ್ಗ್‌ನಿಂದ ಯಮಹಾಗೆ ಹೋದರೂ ಇದೇ ಪಾಡು, ಯಾಕೆಂದರೆ ಕೋರ್ಗ್‌ನ ಗಿಟಾರ್ ಮೋಡ್ ಟ್ರ್ಯಾಕ್‌ನಲ್ಲಿ ಕೆಲವು ಮನೆಗಳು ಸ್ವರವಲ್ಲ, ಹೇಗೆ ಸ್ಟ್ರಮ್ ಮಾಡಬೇಕು ಅನ್ನುವ ಆಜ್ಞೆ. ಹಾಗಾಗಿ ಗಿಟಾರ್ ಟ್ರ್ಯಾಕ್ ಪೂರ್ತಿ ಅಳಿಸಿ, ಕೋರ್ಗ್‌ನ ಒಳಗೇ ಇರುವ ಬೇರೊಂದು ಸ್ಟೈಲ್‌ನಿಂದ ಅದೇ ನಡೆಯ ಗಿಟಾರ್ ಟ್ರ್ಯಾಕ್ ಕಾಪಿ ಮಾಡಿಕೊಳ್ಳುತ್ತೇನೆ. ಕೇಳುವವರಿಗೆ ಇದೇ ಚೆನ್ನಾಗಿರುತ್ತದೆ.

ತಬಲಾ ಕಥೆಗೆ ವಾಪಸ್ ಬರುತ್ತೇನೆ, ನಮ್ಮಂಥವರಿಗೆ ಅದೇ ಮುಖ್ಯ ಅಲ್ವಾ. ಮೇಷ್ಟ್ರೇ ಮನೆಗೆ ಬಂದು ಕೂತು ಒಂದೊಂದು ಬೋಲ್ ಅನ್ನೂ ಮೆಲ್ಲಗೆ, ಜೋರಾಗಿ ಅಂತ ಎರಡೆರಡು ಸಲ ನುಡಿಸಿಕೊಟ್ಟರು. ಫ್ಯಾನ್ ಆಫ್ ಮಾಡಿ, ಕಿಟಕಿಗೆ ಕಂಬಳಿ ಕಟ್ಟಿ ರೆಕಾರ್ಡ್ ಮಾಡಿದೆ. ಆ ವೇವ್ ಫೈಲ್‌ಗಳನ್ನು ಪಿಎ700ಕ್ಕೆ ಹಾಕಿ ಸ್ವಂತ ಕಿಟ್ ಕಟ್ಟಿದೆ. ಯಮಹಾದಲ್ಲಿ ಯಾವ ಬೋಲ್ ಯಾವ ನೋಟ್‌ನಲ್ಲಿತ್ತೋ ಇಲ್ಲಿಯೂ ಅದೇ ನೋಟ್‌ನಲ್ಲಿ ಕೂರಿಸಿದೆ. ಅಂದಿನಿಂದ ತಬಲಾ ಸ್ಟೈಲ್‌ಗಳಿಗೆ ಪೆಟ್ಟು ಸರಿಸುವ ಕೆಲಸವೇ ಇಲ್ಲ. ಕಹರ್ವಾ, ದಾದ್ರಾ ಎಲ್ಲ ನೇರವಾಗಿ ಬಂದು ಕೂರುತ್ತವೆ, ಡಗ್ಗಾದ ಗುಮ್ಮು ಸಮೇತ. ಆರು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಉಪಯೋಗದ ಕೆಲಸ ಇದೇ. ಸಾಫ್ಟ್‌ವೇರ್‌ಗೆ ಕೊಟ್ಟ ದುಡ್ಡಿಗಿಂತ ಆ ಒಂದು ಮಧ್ಯಾಹ್ನ ಜಾಸ್ತಿ ಬಾಳಿತು.

ಒಂದು ಎಚ್ಚರಿಕೆ. ಟ್ರಾನ್ಸ್‌ಪೋಸ್ ಒತ್ತಿದರೆ ಬೇಸ್, ಗಿಟಾರ್ ಎಲ್ಲ ಸರಿಯುತ್ತವೆ, ಡ್ರಮ್ ಕಿಟ್ ಸರಿಯುವುದಿಲ್ಲ. ನಮ್ಮ ಕಿಟ್ ರೆಕಾರ್ಡ್ ಆಗಿದ್ದು ಒಂದೂವರೆ ಮನೆ ಶ್ರುತಿಯಲ್ಲಿ. ಗಾಯಕಿ ಐದು ಮನೆಯಲ್ಲಿ ಹಾಡಿದಾಗ ತಬಲಾ ಶ್ರುತಿ ಬಿಟ್ಟು ಕೇಳುತ್ತದೆ. ಡ್ರಮ್ಸ್‌ನಲ್ಲಿ ಯಾರೂ ಗಮನಿಸದ ಸಂಗತಿ ತಬಲಾದಲ್ಲಿ ಎದ್ದು ಕಾಣುತ್ತದೆ.

ಸ್ಟೈಲ್ ಕೊಳ್ಳುವವರಿಗೂ ಒಂದು ಮಾತು. ಶುರುವಿನಲ್ಲಿ ಒಬ್ಬ ಆನ್‌ಲೈನ್ ಮಾರಾಟಗಾರನಿಂದ ಸಾವಿರಗಟ್ಟಲೆ ಸ್ಟೈಲ್ ಇರುವ ಪೆನ್‌ಡ್ರೈವ್ ತರಿಸಿದ್ದೆ. ತೆರೆದು ನೋಡಿದರೆ ಒಂದೇ ರಿದಮ್ ಹತ್ತು ಹಾಡಿನ ಹೆಸರಲ್ಲಿತ್ತು. ಎಷ್ಟೋ ಫೈಲ್‌ಗಳು ಬೇರೆಯವರು ಕಷ್ಟಪಟ್ಟು ಮಾಡಿ ಮಾರುತ್ತಿದ್ದವು, ಹೆಸರು ಮಾತ್ರ ಬದಲು. ಅದನ್ನು ನಾನು ಬಳಸಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಒಂದು ಒಳ್ಳೆಯ ಸ್ಟೈಲ್ ಮಾಡುವುದಕ್ಕೆ ದಿನಗಟ್ಟಲೆ ಹಿಡಿಯುತ್ತದೆ ಅಂತ ನನಗೆ ಗೊತ್ತು. ನಾನೇ ಮಾಡಿದ್ದನ್ನು ಕೇಳಿದವರಿಗೆ ಸಂತೋಷದಿಂದ ಕೊಡುತ್ತೇನೆ, ಕಿಟ್ ಸಮೇತ. ಕಿಟ್ ಇಲ್ಲದೆ ಸ್ಟೈಲ್ ಮಾತ್ರ ಕೊಟ್ಟರೆ ಅವರ ಮನೆಯಲ್ಲಿಯೂ ಸೀಟಿ ಊದುತ್ತದೆ. ದುಡ್ಡು ಕೊಟ್ಟು ಕೊಂಡಿದ್ದನ್ನು ಮಾತ್ರ ಹಂಚುವುದಿಲ್ಲ.

ರೋಲ್ಯಾಂಡ್ ಎಕ್ಸ್‌ಪಿಎಸ್-10 ಇರುವವರು ಇದೇ ಪ್ರಶ್ನೆ ಆಗಾಗ ಕೇಳುತ್ತಾರೆ. ಅದು ಸಿಂಥಸೈಜರ್. ಕಾರ್ಡ್ ಹಿಂಬಾಲಿಸುವ ಸ್ಟೈಲ್ ಅದರಲ್ಲಿ ಇಲ್ಲ, ಹಾಗಾಗಿ ಕನ್ವರ್ಟ್ ಮಾಡಿ ಹಾಕುವ ಮಾತೂ ಇಲ್ಲ.

ಈಗ ನನ್ನ ಕೋರ್ಗ್‌ನಲ್ಲಿ ಕೈಯಿಂದ ತಿದ್ದಿದ 34 ಸ್ಟೈಲ್‌ಗಳಿವೆ. ಪ್ರತಿ ತಿದ್ದುಪಡಿಯ ನಂತರ ಇಡೀ ಸೆಟ್ ಅನ್ನು ಎರಡು ಪೆನ್‌ಡ್ರೈವ್‌ಗೆ ಉಳಿಸುತ್ತೇನೆ. ಬೇರೆಯವರ ಸೆಟ್ ಪೂರ್ತಿ ಲೋಡ್ ಮಾಡಿ ನನ್ನ ಯೂಸರ್ ಬ್ಯಾಂಕ್ (ನಾನು ಮಾಡಿದ ಸ್ಟೈಲ್‌ಗಳು ಇರುವ ಜಾಗ) ಅಳಿಸಿಹೋಗಿ, ಕಾರ್ಯಕ್ರಮದ ಹಿಂದಿನ ರಾತ್ರಿ ಬೆಳಗಿನವರೆಗೆ ಕೂತಿದ್ದೇನೆ. ಅಂದಿನಿಂದ ಬೇಕಾದ ಒಂದು ಸ್ಟೈಲ್ ಮಾತ್ರ ಆರಿಸಿ ಲೋಡ್ ಮಾಡುತ್ತೇನೆ. ಬರುವ ಭಾನುವಾರ ಮೇಷ್ಟ್ರು ಇನ್ನೊಂದು ತಬಲಾ ತರುತ್ತೇನೆ ಅಂದಿದ್ದಾರೆ, ಐದು ಮನೆ ಶ್ರುತಿಯದು. ಕಂಬಳಿ ಒಗೆದು ಒಣಗಿಸಿಟ್ಟಿದ್ದೇನೆ.