ಸ್ಕೀ ಬಾರದವರಿಗೂ ಲೌಬರ್‌ಹಾರ್ನ್: ವೆಂಗನ್‌ನ ಡೌನ್‌ಹಿಲ್ ಓಟವನ್ನು ಎಲ್ಲಿ ನಿಂತು ನೋಡಬೇಕು

ಮಕ್ಕಳ ಮನೆಗೆಂದು ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿಗೋ ಜರ್ಮನಿಗೋ ಬರುವ ನಮ್ಮ ಕಡೆಯ ತಂದೆ ತಾಯಂದಿರಿಗೆ ಮೊದಲೇ ಹೇಳಿಬಿಡುತ್ತೇನೆ. ಜನವರಿಯ ನಡುವಿನಲ್ಲಿ ನೀವು ಇಲ್ಲಿದ್ದರೆ ಸ್ವಿಟ್ಜರ್ಲೆಂಡಿನ ಬೆಟ್ಟದೂರಾದ ವೆಂಗನ್‌ಗೆ ಹೋಗಿ ಲೌಬರ್‌ಹಾರ್ನ್ ಡೌನ್‌ಹಿಲ್ ಓಟ ನೋಡಿ. ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಬೆಟ್ಟದಿಂದ ಒಬ್ಬೊಬ್ಬರಾಗಿ ಅತಿವೇಗದಲ್ಲಿ ಇಳಿಯುವ ಪಂದ್ಯ ಅದು. ಆದರೆ ಮುಕ್ತಾಯದ ಗೆರೆಯ ಬಳಿ ದೊಡ್ಡ ಪರದೆಯ ಮುಂದೆ ನಿಂತು ದಿನ ಕಳೆಯಬೇಡಿ. ಮೇಲೆ ಹತ್ತಿ, ಓಟದ ಹಾದಿಯ ಪಕ್ಕದಲ್ಲಿ ನಿಲ್ಲಿ. ಸ್ಕೀ ಬರಬೇಕೆಂದಿಲ್ಲ. ಗಟ್ಟಿಯಾದ ಬೂಟು, ಬೆಚ್ಚನೆಯ ಬಟ್ಟೆ ಮತ್ತು ಸ್ವಲ್ಪ ದೂರ ಹಿಮದಲ್ಲಿ ನಡೆಯುವ ಕಾಲು ಇದ್ದರೆ ಸಾಕು.

ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಕಲಿಸಿ ನಿವೃತ್ತನಾದವನು. ಮಗ ಬರ್ನ್ ನಗರದಲ್ಲಿದ್ದಾನೆ. ಅವನ ಮನೆಯ ಟಿ.ವಿ.ಯಲ್ಲಿ ಈ ಓಟಗಳನ್ನು ನೋಡುತ್ತಾ ನೋಡುತ್ತಾ ನನಗೆ ಹುಚ್ಚು ಹಿಡಿಯಿತು. ಎಷ್ಟೋ ವರ್ಷ ಮಕ್ಕಳ ಮೊಣಕಾಲು, ಸೊಂಟ, ಹೆಜ್ಜೆ ತಿದ್ದಿದ ಕಣ್ಣಿಗೆ ಆ ಆಟಗಾರರ ಮೈಕಟ್ಟು, ಕೂತ ಭಂಗಿ, ಕೈ ಇಟ್ಟುಕೊಳ್ಳುವ ರೀತಿ ಎಲ್ಲವೂ ಪಾಠವಾಗಿ ಕಂಡಿತು. 2025ರ ಜನವರಿಯಲ್ಲಿ ಕಣ್ಣಾರೆ ನೋಡಲು ಹೋದೆವು, ನಾನು, ನನ್ನ ಹೆಂಡತಿ ಮತ್ತು ಮಗ.

ಇಡೀ ಏರ್ಪಾಟಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ರೈಲು. ವೆಂಗನ್‌ಗೆ ಕಾರು ಹೋಗುವುದಿಲ್ಲ, ರಸ್ತೆಯೇ ಇಲ್ಲ. ಇಂಟರ್‌ಲಾಕನ್ ದಾಟಿ ಲೌಟರ್‌ಬ್ರುನ್ನನ್‌ಗೆ ಬಂದು ಅಲ್ಲಿಂದ ಹಲ್ಲುಪಟ್ಟಿಯ ರೈಲು ಹತ್ತಬೇಕು. ಮೇಟ್ಟುಪಾಳಯಂನಿಂದ ಊಟಿಗೆ ರೈಲಿನಲ್ಲಿ ಹೋದವರಿಗೆ ಇದರ ನಡಿಗೆ ಪರಿಚಿತವೇ. ಹಳಿಗಳ ನಡುವಿನ ಹಲ್ಲುಗಳನ್ನು ಕಚ್ಚಿಕೊಂಡು ಗಾಡಿ ಗಟ್ಟಿಯಾಗಿ ಏರುತ್ತದೆ. ಬೇರೆ ದಿನಗಳಲ್ಲಿ ಇದೇ ದಾರಿಯಲ್ಲಿ ನಮ್ಮ ದೇಶದ ಪ್ರವಾಸಿಗರು 3454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಕ್ ನೋಡಲು ಹೋಗುತ್ತಾರೆ. ಓಟದ ಶನಿವಾರ ಮಾತ್ರ ಡಬ್ಬಿಯ ತುಂಬ ಕೆಂಪು ಟೋಪಿ, ಬಾವುಟ, ಮತ್ತು ಕೈಯಲ್ಲಿ ಹಸುವಿನ ಗಂಟೆ. ಇದೇ ರೈಲು ವೆಂಗನ್ ಬಿಟ್ಟು ಮುಂದೆ ವೆಂಗರ್ನ್ಆಲ್ಪ್, ಕ್ಲೈನೆ ಶೈಡೆಕ್‌ವರೆಗೆ ಏರುತ್ತದೆ. ಓಟದ ಹಾದಿ ಒಂದು ಕಡೆ ಈ ರೈಲು ಹಳಿಯ ಅಡಿಯಿಂದಲೇ ನುಗ್ಗಿ ಹೋಗುತ್ತದೆ. ಬೆಟ್ಟ ಹತ್ತಲಾರದ ವಯಸ್ಸಿನವರನ್ನು ಇಷ್ಟು ಎತ್ತರಕ್ಕೆ, ಆಟ ನಡೆಯುವ ಜಾಗದ ಹತ್ತಿರಕ್ಕೆ ತಂದು ಇಳಿಸುವ ಅನುಕೂಲ ದೊಡ್ಡದು. ಎದುರಿಗೆ ಐಗರ್, ಮೋಂಖ್, ಯುಂಗ್‌ಫ್ರಾವ್ ಶಿಖರಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿರುತ್ತವೆ; ಅದಕ್ಕೆ ಬೇರೆ ಟಿಕೆಟ್ ಇಲ್ಲ.

ಈಗ ಓಟದ ಹಾದಿಯ ಬಗ್ಗೆ. ವಿಶ್ವಕಪ್ ಡೌನ್‌ಹಿಲ್ ಓಟಗಳಲ್ಲಿ ಇದೇ ಅತಿ ಉದ್ದದ್ದು, ಸುಮಾರು ನಾಲ್ಕೂವರೆ ಕಿಲೋಮೀಟರ್. ಆರಂಭ 2315 ಮೀಟರ್ ಎತ್ತರದಲ್ಲಿ, ಮುಕ್ತಾಯ 1287ರಲ್ಲಿ. ಅಂದರೆ ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಒಂದೇ ಉಸಿರಿನಲ್ಲಿ ಇಳಿಯಬೇಕು. ಬೇರೆ ಕಡೆ ಡೌನ್‌ಹಿಲ್ ಹೆಚ್ಚಾಗಿ ಎರಡು ನಿಮಿಷದೊಳಗೆ ಮುಗಿಯುತ್ತದೆ. ಇಲ್ಲಿ ಎರಡೂವರೆ ನಿಮಿಷದ ಹತ್ತಿರ ಹೋಗುತ್ತದೆ. ವೆಂಗನ್‌ನವರೇ ಆದ ಅರ್ನ್ಸ್ಟ್ ಗೆರ್ಚ್ 1930ರಲ್ಲಿ ಈ ಪಂದ್ಯವನ್ನು ಆರಂಭಿಸಿದರು. ಹಾದಿಯ ತಿರುವುಗಳಿಗೆ ಗೆದ್ದವರಿಗಿಂತ ಬಿದ್ದವರ ಹೆಸರೇ ಹೆಚ್ಚಾಗಿ ಅಂಟಿಕೊಂಡಿದೆ. ಮಿನ್ಶ್‌ಕಾಂಟೆ ಎಂಬ ಅಂಚಿಗೆ 1965ರಲ್ಲಿ ಅಲ್ಲಿ ಬಿದ್ದ ಸ್ವಿಸ್ ಆಟಗಾರ ಯೋಸ್ ಮಿನ್ಶ್ ಹೆಸರು. ಕೆನೇಡಿಯನ್ ಕಾರ್ನರ್‌ಗೆ 1976ರಲ್ಲಿ ಅಲ್ಲಿ ಉರುಳಿದ ಕೆನಡಾದ ಕೆನ್ ರೀಡ್ ಮತ್ತು ಡೇವ್ ಅರ್ವಿನ್ ಕಾರಣ. 1954ರಲ್ಲಿ ಟೋನಿ ಸೈಲರ್ ಸೇರಿದಂತೆ ಆಸ್ಟ್ರಿಯಾದ ಹಲವರು ಬಿದ್ದ ತಗ್ಗು ಇಂದಿಗೂ ಆಸ್ಟ್ರಿಯನ್ನರ ಗುಂಡಿ. ಕಿರಿದಾದ ಜೋಡಿ ತಿರುವಿಗೆ ಬ್ರೂನೋ ಕೆರ್ನನ್ ಹೆಸರಿದೆ. ಅವರು 1997ರಲ್ಲಿ ಅಲ್ಲಿ ಬಿದ್ದರು, 2003ರಲ್ಲಿ ಇದೇ ಓಟ ಗೆದ್ದರು. ಶಾಲೆಯ ಮೈದಾನದಲ್ಲಿ ಬಿದ್ದ ಹುಡುಗನ ಹೆಸರನ್ನು ಯಾರೂ ನೆನಪಿಡುವುದಿಲ್ಲ. ಇಲ್ಲಿ ನೆನಪಿಟ್ಟುಕೊಂಡಿದ್ದಾರೆ ಎಂಬುದು ನನಗೆ ತುಂಬಾ ಹಿಡಿಸಿತು.

ಡೌನ್‌ಹಿಲ್‌ನಲ್ಲಿ ಓಟಕ್ಕೆ ಮೊದಲು ಸಮಯ ಹಿಡಿದು ತರಬೇತಿ ಓಟ ನಡೆಸಲೇಬೇಕೆಂಬ ನಿಯಮವಿದೆ. ಸಾಧ್ಯವಾದರೆ ವಾರದ ನಡುವಿನ ಆ ದಿನವೂ ಬನ್ನಿ. ಜನ ಕಡಿಮೆ, ನಿಲ್ಲಲು ಜಾಗ ಧಾರಾಳ. ನಾವು ಆ ದಿನ ಕೆಳಗೆ, ಮುಕ್ತಾಯಕ್ಕೆ ತುಸು ಮೇಲಿನ ಕೊನೆಯ ತಿರುವುಗಳ ಬಳಿ ನಿಂತೆವು. ಅದು ನನ್ನ ಪಾಲಿಗೆ ಪಾಠದ ದಿನ. ಎರಡು ನಿಮಿಷ ಕುಕ್ಕರುಗಾಲಿನಲ್ಲಿ ಇಳಿದು ಬಂದವನ ತೊಡೆ ಅಲ್ಲಿಗೆ ಬರುವಷ್ಟರಲ್ಲಿ ಸೋತಿರುತ್ತದೆ. ಮೇಲೆ ಒಂದಕ್ಕೊಂದು ಸಮವಾಗಿದ್ದ ಮೊಣಕಾಲುಗಳು ಇಲ್ಲಿ ಸ್ವಲ್ಪ ಒಳಗೆ ವಾಲುತ್ತವೆ, ಹೊರಗಿನ ಸ್ಕೀ ಅರ್ಧ ಅಡಿ ಜಾರುತ್ತದೆ, ಮರುಕ್ಷಣ ಸೊಂಟ ತಿರುಗಿಸಿ ಅದನ್ನು ಎಳೆದುಕೊಳ್ಳುತ್ತಾನೆ. ಗೆರೆ ದಾಟಿದ ಮೇಲೆ ಕೆಲವರು ನಿಂತುಕೊಳ್ಳಲೂ ಆಗದೆ ಬಗ್ಗಿ, ಎರಡೂ ಕೋಲುಗಳ ಮೇಲೆ ಭಾರ ಹಾಕಿ ಉಸಿರೆಳೆದುಕೊಳ್ಳುತ್ತಿದ್ದರು. 1991ರಲ್ಲಿ ಇದೇ ಕೊನೆಯ ತಿರುವಿನಲ್ಲಿ ಆಸ್ಟ್ರಿಯಾದ ಗೆರ್ನೋಟ್ ರೈನ್‌ಸ್ಟಾಡ್ಲರ್ ಎಂಬ ಹುಡುಗನ ಸ್ಕೀ ರಕ್ಷಣಾ ಬಲೆಗೆ ಸಿಕ್ಕಿಕೊಂಡು ಪ್ರಾಣ ಹೋಯಿತು; ಇನ್ನೂ ಇಪ್ಪತ್ತರ ವಯಸ್ಸು. 2024ರಲ್ಲಿ ನಾರ್ವೆಯ ಅಲೆಕ್ಸಾಂಡರ್ ಓಮೋಟ್ ಕಿಲ್ಡೆ ಇಲ್ಲೇ ಹತ್ತಿರದಲ್ಲಿ ಬಿದ್ದು ಕಾಲಿಗೂ ಭುಜಕ್ಕೂ ಭಾರಿ ಪೆಟ್ಟು ಮಾಡಿಕೊಂಡರು. ಇದನ್ನೆಲ್ಲ ತಿಳಿದುಕೊಂಡು ನೋಡಬೇಕು. ಇದು ಸುಮ್ಮನೆ ವೇಗದ ತಮಾಷೆಯಲ್ಲ, ದಣಿದ ಕಾಲು ಮತ್ತು ಎಚ್ಚರವಿರುವ ತಲೆಯ ನಡುವಿನ ಹೋರಾಟ.

ಓಟದ ದಿನ ಮಾತ್ರ ಮೇಲೆಯೇ ಇರಬೇಕು. ಗಿರ್ಮ್‌ಶ್‌ಬೀಲ್ ಎಂಬ ದಿಬ್ಬದ ಕಡೆ ಹೋಗಿ. ಅಲ್ಲಿಂದ ಹುಂಡ್‌ಶಾಪ್ಫ್ ಎಂಬ ಬಂಡೆಯ ಜಿಗಿತ, ಮಿನ್ಶ್‌ಕಾಂಟೆ, ಕೆನೇಡಿಯನ್ ಕಾರ್ನರ್ ಸಾಲಾಗಿ ಕಾಣುತ್ತವೆ. ಮೊದಲು ಹಾದಿ ಪರೀಕ್ಷಿಸುವವರು ಇಳಿಯುತ್ತಾರೆ. ನಂತರ ಮೇಲಿನಿಂದ ಗಂಟೆಗಳ ಸದ್ದು ಶುರುವಾಗುತ್ತದೆ. ಆಟಗಾರ ಬರುವ ಮೊದಲೇ ಆ ಸದ್ದು ಇಳಿಜಾರಿನುದ್ದಕ್ಕೂ ಕೈಯಿಂದ ಕೈಗೆ ದಾಟಿ ಕೆಳಗಿಳಿಯುತ್ತದೆ. ಬಂಡೆಗಳ ನಡುವಿನ ಸಂದಿಯಲ್ಲಿ ಯಾರೂ ಇಲ್ಲ, ಯಾರೂ ಇಲ್ಲ, ಒಮ್ಮೆಲೇ ಒಂದು ಮೈ ಆಕಾಶದಲ್ಲಿರುತ್ತದೆ. ಕಾಲನ್ನು ಎದೆಗೆ ಮಡಚಿ, ಎರಡೂ ಕೈ ಮುಂದೆ ಚಾಚಿ ಕೆಳಗಿನ ಕಡಿದಾದ ಗೋಡೆಗೆ ಇಳಿಯುತ್ತಾನೆ. ಟಿ.ವಿ.ಯಲ್ಲಿ ಅದು ಸಣ್ಣ ಗುಪ್ಪೆಯ ಮೇಲಿನ ನೆಗೆತದಂತೆ ಕಾಣುತ್ತದೆ. ಎದುರು ನಿಂತಾಗಲೇ ಅವನ ಕಾಲಿನ ಕೆಳಗೆ ನೆಲವೇ ಇಲ್ಲವೆಂದು ತಿಳಿಯುವುದು. ಇಳಿದು ಕೂಡಲೇ ಮುಂದಿನ ತಿರುವಿಗೆ ಮೈ ವಾಲಿಸಬೇಕು. ಮೈ ತಡವಾಗಿ ವಾಲಿದರೆ ಮುಂದಿನ ಎರಡು ತಿರುವುಗಳಿಗೂ ಆ ತಡ ಹೊರೆಯಾಗಿ ಬರುತ್ತದೆ. ಕ್ಯಾಮೆರಾ ಇಳಿಜಾರನ್ನು ಚಪ್ಪಟೆ ಮಾಡುತ್ತದೆ, ಸದ್ದನ್ನು ನುಂಗುತ್ತದೆ. ನಾವು ಆಮೇಲೆ ಇಳಿದು ಬಲೆಯ ಸಮೀಪ ನಿಂತಾಗ, ಗಟ್ಟಿಯಾದ ಹಿಮದ ಮೇಲೆ ಸ್ಕೀಯ ಅಂಚು ಕರ್ರೆಂದು ಕೊರೆದ ಸದ್ದು ಎದೆಗೆ ಬಡಿಯಿತು. ಹಿಮದ ಹರಳುಗಳು ಬಲೆ ದಾಟಿ ಮುಖಕ್ಕೆ ಸಿಡಿದವು. ಅಷ್ಟರಲ್ಲಿ ಅವನು ಕಣ್ಮರೆ. ಕೆಳಗಿನ ಹಾನೆಗ್ ಇಳಿಜಾರಿನಲ್ಲಿ 2013ರಲ್ಲಿ ಫ್ರಾನ್ಸಿನ ಯೋಹಾನ್ ಕ್ಲಾರೆ ಗಂಟೆಗೆ 161.9 ಕಿಲೋಮೀಟರ್ ವೇಗ ಮುಟ್ಟಿದ್ದರು ಎಂದು ಓದಿದ್ದೆ. ಅದು ಎಂಥ ವೇಗವಿರಬೇಕೆಂದು ಆ ಬಲೆಯ ಪಕ್ಕದಲ್ಲಿ ಮೊದಲ ಬಾರಿಗೆ ಅಂದಾಜಾಯಿತು.

ಆ ದಿನ ಸ್ವಿಟ್ಜರ್ಲೆಂಡಿನ ಮಾರ್ಕೋ ಓಡರ್ಮಾಟ್ ಗೆದ್ದರು. ಫ್ರಾನ್ಯೋ ಫಾನ್ ಆಲ್ಮೆನ್ 0.37 ಸೆಕೆಂಡ್ ಹಿಂದೆ ಎರಡನೆಯವರು, ಸ್ಲೊವೇನಿಯಾದ ಮಿಹಾ ಹ್ರೋಬಾಟ್ ಮೂರನೆಯವರು. ಓಡರ್ಮಾಟ್ ಬರುವಾಗ ಮಗ "ಅಪ್ಪಾ, ಈಗ ಅವರ ಕೈ ಮಾತ್ರ ನೋಡಿ" ಎಂದ. ನೋಡಿದೆ. ಮೈಯೆಲ್ಲ ಕುಲುಕಿದರೂ ಕೈ ಅಲುಗಲಿಲ್ಲ. ಮಕ್ಕಳಿಗೆ ಹರ್ಡಲ್ಸ್ ಕಲಿಸುವಾಗ ನಾನು ಬಾಯಿ ನೋಯುವಷ್ಟು ಹೇಳುತ್ತಿದ್ದದ್ದು ಅದೇ. ಆದರೆ ನಮ್ಮ ಸುತ್ತ ನಿಂತವರ ಗಂಟೆ ಜೋರಾಗಿ ಮೊಳಗಿದ್ದು ಫಾನ್ ಆಲ್ಮೆನ್‌ಗೆ. ಅವರು ಇದೇ ಬರ್ನ್ ಪ್ರಾಂತದ ಸಿಮೆನ್‌ಟಾಲ್ ಕಣಿವೆಯ ಹುಡುಗ, ಹಿಂದಿನ ದಿನ ನಡೆದ, ತಿರುವುಗಳು ಹೆಚ್ಚಿರುವ ಇನ್ನೊಂದು ಓಟವಾದ ಸೂಪರ್‌-ಜಿ ಗೆದ್ದಿದ್ದರು. ಮುಂದಿನ ತಿಂಗಳು ಜಾಲ್‌ಬಾಖ್‌ನಲ್ಲಿ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆದರು.

ಮೊದಲ ಇಪ್ಪತ್ತು ಮಂದಿ ಇಳಿದ ಮೇಲೆ ಪ್ರೇಕ್ಷಕರಲ್ಲಿ ಬಹಳಷ್ಟು ಜನ ಬಿಯರ್ ಡೇರೆಗಳ ಕಡೆಗೆ ನಡೆದರು. ನೀವು ಹಾಗೆ ಮಾಡಬೇಡಿ. ದೊಡ್ಡ ಸಂಖ್ಯೆಯ ಅಂಗಿ ತೊಟ್ಟು ಕೊನೆಗೆ ಬರುವವರಿಗೆ ಹಾದಿ ಗೀರುಬಿದ್ದಿರುತ್ತದೆ, ನೆರಳು ಚಾಚಿರುತ್ತದೆ, ಚಪ್ಪಾಳೆ ಇರುವುದಿಲ್ಲ. ಆದರೂ ಅದೇ ಬಂಡೆಯಿಂದ ಅವರೂ ಹಾರಬೇಕು. ಗುಲ್ಮರ್ಗ್ ಕಡೆಯ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತದಿಂದ ಒಬ್ಬರೇ ಹೋಗಿ ಕಂಬಗಳ ಸುತ್ತ ತಿರುಗುತ್ತಾ ಇಳಿಯುವ ಜೈಂಟ್ ಸ್ಲಾಲಂನಲ್ಲಿ 45ನೆಯವರಾಗಿ ಮುಗಿಸಿದ್ದರು. ಅದರ ಹಿಂದೆ ಎಷ್ಟು ದುಡಿಮೆ ಇರಬೇಕು ಎಂಬುದು ಈ ಹಿಂದಿನ ಸಾಲಿನವರನ್ನು ನೋಡಿದಾಗ ಅರ್ಥವಾಗುತ್ತದೆ. ನಾವು ಮೂವರೂ ಕೊನೆಯವನಿಗೂ ಕೂಗಿದೆವು.

ಊಟ ಕಟ್ಟಿಕೊಂಡು ಹೋಗಿ. ಡೇರೆಗಳಲ್ಲಿ ಸಿಗುವುದು ಹೆಚ್ಚಾಗಿ ಮಾಂಸದ ಸಾಸೇಜ್. ಸಸ್ಯಾಹಾರಿಗಳಿಗೆ ಕರಗಿಸಿದ ಚೀಸ್ ಸುರಿದ ಆಲೂಗಡ್ಡೆ, ರಾಕ್ಲೆಟ್ ಎನ್ನುತ್ತಾರೆ. ರುಚಿಯಾಗಿದೆ. ಆದರೆ ನಾವು ಸಾಲಿನಲ್ಲಿ ನಿಂತ ಅಂಗಡಿಯಲ್ಲಿ ನಮ್ಮ ಸರದಿ ಬರುವಾಗ ಅದು ಮುಗಿದಿತ್ತು. ನನ್ನ ಹೆಂಡತಿ ತಂದಿದ್ದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಾಪಾಡಿತು. ಆ ಚಳಿಯಲ್ಲಿ ಚಪಾತಿ ಬಿರುಸಾಗುತ್ತದೆ, ಪಲ್ಯ ಹೆಪ್ಪುಗಟ್ಟುತ್ತದೆ; ಖಡಕ್ ರೊಟ್ಟಿಗೆ ಏನೂ ಆಗುವುದಿಲ್ಲ. ಪಕ್ಕದಲ್ಲಿ ನಿಂತಿದ್ದ, ಎರಡೂ ಕೈಯಿಂದ ಎತ್ತಬೇಕಾದಷ್ಟು ದೊಡ್ಡ ಗಂಟೆ ತಂದಿದ್ದ ಹಿರಿಯರೊಬ್ಬರಿಗೂ ಕೊಟ್ಟೆವು. ಅವರು ಚಟ್ನಿಪುಡಿಯನ್ನು ಇನ್ನೊಮ್ಮೆ ಕೇಳಿ ಹಾಕಿಸಿಕೊಂಡರು. ತಮ್ಮ ಕಾಲಡಿ ಹಾಸಿಕೊಂಡಿದ್ದ ದಪ್ಪ ರಟ್ಟಿನ ಅರ್ಧ ಹರಿದು ನನ್ನ ಹೆಂಡತಿಗೆ ಕೊಟ್ಟು, ಹಿಮದ ಮೇಲೆ ನೇರವಾಗಿ ನಿಲ್ಲಬೇಡಿ ಎಂದರು. ಮಗ ಅನುವಾದಿಸಿದ. ಆ ರಟ್ಟಿನಿಂದ ಅವಳ ಕಾಲು ಸಂಜೆಯವರೆಗೂ ಮರಗಟ್ಟಲಿಲ್ಲ. ನೀವು ಮನೆಯಿಂದಲೇ ಒಯ್ಯಿರಿ.

ಇನ್ನು ಕೆಲವು ಮಾತು. ಬೂಟಿಗೆ ಕಟ್ಟುವ ಮುಳ್ಳುಪಟ್ಟಿಯನ್ನು ಅಗ್ಗದ್ದು ಕೊಳ್ಳಬೇಡಿ. ನನ್ನದು ಇಳಿಯುವ ದಾರಿಯಲ್ಲೇ ಕಿತ್ತುಬಂತು, ಮಗನ ಹೆಗಲು ಹಿಡಿದೇ ನಿಲ್ದಾಣ ಸೇರಿದೆ. ಧ್ವನಿವರ್ಧಕದಲ್ಲಿ ಬರುವುದು ಹೆಚ್ಚಾಗಿ ಸ್ವಿಸ್ ಜರ್ಮನ್, ಆದ್ದರಿಂದ ಆರಂಭದ ಪಟ್ಟಿಯನ್ನು ಮೊಬೈಲಿನಲ್ಲಿ ಇಳಿಸಿಕೊಳ್ಳಿ. ಓಟಕ್ಕೆ ಮೊದಲು ಸ್ವಿಸ್ ವಾಯುಪಡೆಯ ವಿಮಾನಗಳ ಸಾಹಸ ಪ್ರದರ್ಶನವಿರುತ್ತದೆ. ಅದು ಶುರುವಾಗುವ ಮೊದಲೇ ನಿಮ್ಮ ಜಾಗ ಹಿಡಿದಿರಬೇಕು. ಹವಾಮಾನವನ್ನು ನಂಬುವ ಹಾಗಿಲ್ಲ. 2017ರಲ್ಲಿ ಡೌನ್‌ಹಿಲ್ ನಡೆಯಲೇ ಇಲ್ಲ. ಟಿಕೆಟ್ ಕೊಳ್ಳುವಾಗ ಓಟ ರದ್ದಾದರೆ ಏನು ಎಂಬ ಷರತ್ತನ್ನು ಓದಿಕೊಳ್ಳಿ. ಹಿಂತಿರುಗುವಾಗ ಎಲ್ಲರೂ ಒಂದೇ ಹೊತ್ತಿಗೆ ರೈಲಿಗೆ ಮುಗಿಬೀಳುತ್ತಾರೆ. ಆತುರಪಡದೆ ಒಂದು ತಾಸು ಕುಳಿತು ಚಹಾ ಕುಡಿದು ಹೊರಡುವುದು ಜಾಣತನ.

ಮೊಣಕಾಲು ನೋವಿರುವವರು, ಪುಟ್ಟ ಮಕ್ಕಳನ್ನು ಎತ್ತಿಕೊಂಡವರು ಶನಿವಾರ ಮೇಲೆ ಹೋಗುವುದು ಬೇಡ. ಅಂಥವರಿಗೆ ಭಾನುವಾರದ ಸ್ಲಾಲಂ ಇದೆ. ಊರಿಗೆ ಹತ್ತಿರ, ಇಳಿಜಾರು ಚಿಕ್ಕದು, ಗೇಟುಗಳ, ಅಂದರೆ ಹತ್ತಿರ ಹತ್ತಿರ ನೆಟ್ಟ ಕಂಬಗಳ, ನಡುವಿನ ಕಾಲಾಟ ಬಹುಪಾಲು ಒಂದೇ ನೋಟಕ್ಕೆ ಸಿಗುತ್ತದೆ. ಮುಂದಿನ ವಾರ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ನಲ್ಲಿ ಇದಕ್ಕಿಂತಲೂ ಭಯಂಕರ ಎನ್ನಲಾಗುವ ಓಟವಿರುತ್ತದೆ. ತರುಣರು ಅಲ್ಲಿಗೂ ಹೋಗಲಿ. ನಮ್ಮ ವಯಸ್ಸಿನವರು ಒಂದನ್ನೇ ಆರಿಸಬೇಕೆಂದರೆ ನಾನು ರೈಲಿರುವ ವೆಂಗನ್ ಎನ್ನುತ್ತೇನೆ, ಐದಕ್ಕೆ ಐದು ಅಂಕ ಕೊಡುತ್ತೇನೆ. ಮುಂದಿನ ಬಾರಿ ರೈಲು ಹಳಿಯ ಅಡಿಯಿಂದ ಅವರು ನುಗ್ಗಿ ಬರುವ ಜಾಗದಲ್ಲಿ ನಿಲ್ಲಬೇಕೆಂದು ಮಗನಿಗೆ ಈಗಲೇ ಹೇಳಿಟ್ಟಿದ್ದೇನೆ.